ಅಕ್ಕೋರ ಬಾಯೊಳಗಿನ ಕಲ್ಲುಸಕ್ಕರೆ

ಅಕ್ಕೋರ ಎಡಗೆನ್ನೆ ಉಬ್ಬಿತೆಂದರೆ ನಮ್ಮ ಆಫೀಸಿನಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಆ ಕೆನ್ನೆಯೊಳಗೆ ಇರುತ್ತಿದ್ದುದು ಒಂದು ತುಂಡು ಕಲ್ಲುಸಕ್ಕರೆ. ನಾವು ಬರೆದ ಚಿತ್ರಪಾಠದ ಹಾಳೆಯನ್ನು ಓದು ಬಾರದ ಯಾರದಾದರೂ ಕೈಗೆ ಕೊಟ್ಟು, ಸಕ್ಕರೆ ಬಾಯಿಗೆ ಹಾಕಿಕೊಂಡು, ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಇದು ಕರಗೂತನಾ ಬಾಯಿ ತೆಗೀಬಾರ್ದು. ಹಾಳಿ ಜೋಡಿ ನೀ ಏನ್ ಅವರ ಮನೀಗೆ ಹೋಗ್ತೀಯೇನ? ಹಾಳೀನ ಮಾತಾಡ್ಬೇಕು," ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳದಲ್ಲಿ ಬಾಡಿಗೆಯ ಎರಡು ಖೋಲಿಗಳಲ್ಲಿ ವಯಸ್ಕರ ಶಿಕ್ಷಣದ ಆಫೀಸು. ಅಕ್ಕೋರು ಪಾಠ ತಯಾರಿಸುವ ವಿಭಾಗದ ಹಿರಿಯರು, ನಾನು ಬಿ.ಎ. ಮುಗಿಸಿ ಆಗಷ್ಟೇ ಸೇರಿದವಳು. ಚಿತ್ರ ಚೆನ್ನಾಗಿ ಬರೆಯುತ್ತಿದ್ದೆ, ಸೊಕ್ಕೂ ಹಾಗೇ ಇತ್ತು. ನಾನು ಬರೆದದ್ದನ್ನು ಕಸ ಗುಡಿಸುವಾಕೆ ಪರೀಕ್ಷೆ ಮಾಡಬೇಕೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹಿಂಗಾರಿ ಬಿತ್ತನೆ ಮುಗಿಯುತ್ತಿದ್ದ ದಿನಗಳು. ವಿಷದ ಪುಡಿ ಹಚ್ಚಿ ಕೆಂಪಗೆ ಮಾಡಿದ ಬೀಜದ ಜೋಳ ಮನೆಮನೆಯಲ್ಲಿ ಉಳಿದಿತ್ತು. ಬೀಜ ಮುಟ್ಟಿದ ಕೈ ತೊಳೆದುಕೊಂಡೇ ಉಣ್ಣಿರಿ ಎಂದು ಹಾಳೆ ಮಾಡಬೇಕಿತ್ತು. ಮೂರು ಚಿತ್ರ ಬರೆದೆ. ಮೊದಲು ಬೀಜ, ಆಮೇಲೆ ನೀರು ಮತ್ತು ಕೈ, ಕೊನೆಗೆ ತಾಟಿನಲ್ಲಿ ರೊಟ್ಟಿ. ಬೀಜಕ್ಕೆ ಒಂದೊಂದು ಪ್ರತಿಯಲ್ಲೂ ಕೆಂಪು ಪೆನ್ಸಿಲ್ ತೀಡಿದೆ. ಅಕ್ಕೋರು ರಜೆಯಲ್ಲಿದ್ದರು. ಕಾಯುವ ತಾಳ್ಮೆ ಎಲ್ಲಿ ಬಂತು, ಹತ್ತು ಹಾಳೆಯನ್ನು ಸಂಶಿಯಾಚೆಯ ಒಂದು ಹಳ್ಳಿಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಯೇಬಿಟ್ಟೆ.

ಮೂರನೆಯ ದಿನ ಅಕ್ಕೋರು ಬಂದು, ಉಳಿದಿದ್ದ ಒಂದು ಹಾಳೆಯನ್ನು ಕಸ ಗುಡಿಸುವಾಕೆಯ ಕೈಗೆ ಕೊಟ್ಟರು. ಸಕ್ಕರೆ ಬಾಯಿಗೆ ಹಾಕಿಕೊಂಡರು. ಆಕೆ ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ನೋಡುತ್ತ ಹೋದಳು.

"ಬೀಜದ ಜ್ವಾಳ ಉಳದಿದ್ರ ಚೆಲ್ಲಬ್ಯಾಡ್ರಿ ಅಂತೈತ್ರಿ. ಕೆಂಪ ಹೋಗೂತನಾ ಕೈಲೆ ತಿಕ್ಕಿ ತೊಳೀಬೇಕು. ಆಮ್ಯಾಲೆ ರೊಟ್ಟಿ ಮಾಡ್ಕೊಂಡ ಉಣ್ಣೂದ್ರಿ. ಚೊಲೊ ಐತ್ರಿ ಅಕ್ಕೋರ."

ಕಟಂ ಎಂದು ಸಪ್ಪಳವಾಯಿತು. ಅಕ್ಕೋರು ಸಕ್ಕರೆ ಕಡಿದಿದ್ದರು. ಹಾಗೆ ಕಡಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಎಷ್ಟ ಹಾಳಿ ಹೋಗ್ಯಾವ?"

"ಹತ್ತ್ರಿ."

ಚೀಲ ತೆಗೆದುಕೊಂಡು ಎದ್ದರು. ನಾನೂ ಅವರ ಹಿಂದೆಯೇ ಬಸ್ಸು ಹತ್ತಿದೆ. ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂಬತ್ತು ಮನೆಗಳಲ್ಲಿ ಹಾಳೆ ಹಾಗೇ ಗೋಡೆಯ ಗೂಡಿನಲ್ಲಿತ್ತು. ಹತ್ತನೆಯ ಮನೆಯ ಬಚ್ಚಲ ಹೊರಗೆ ಮಣ್ಣು ಕೆಂಪಾಗಿತ್ತು. ಅದರ ಬಾಜೂಕೆ ಎರಡು ಕೋಳಿ ಕಾಲು ಚಾಚಿ ಬಿದ್ದಿದ್ದವು, ನೊಣ ಮುತ್ತಿತ್ತು. ಅಂಗಳದಲ್ಲಿ ಹಾಸಿದ ಧೋತರದ ಮೇಲೆ ನಾಲ್ಕು ಕಾಳು ಬಿಟ್ಟರೆ ಏನೂ ಉಳಿದಿರಲಿಲ್ಲ. ಬಾಜೂಮನೆಯಾಕೆ ಹೇಳಿದಳು: "ಗಿರಣಿಗೆ ಹೋಗ್ಯಾಳ್ರಿ, ಈಗ ಹೋದ್ಲು."

ಅಕ್ಕೋರು ಓಡಿದ್ದನ್ನು ಅವತ್ತು ನೋಡಿದೆ. ಐವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ ಓಡಿದರು. ಗಿರಣಿಯ ಪಟ್ಟೆ ಧಡಧಡ ಅನ್ನುತ್ತಿತ್ತು. ಆ ಹೆಣ್ಣುಮಗಳ ಸರದಿ ಬಂದಿತ್ತು, ಬುಟ್ಟಿ ಎತ್ತಿ ಹಿಡಿದಿದ್ದಳು. ಅಕ್ಕೋರು ಬುಟ್ಟಿಗೆ ಕೈ ಹಾಕಿ ಕೆಳಗಿಳಿಸಿದರು.

"ತಂಗೆವ್ವಾ, ಇದನ್ನ ತಿನ್ನಬಾರ್ದವ್ವಾ. ವಿಷ ಐತಿ."

ಆಕೆ ನಂಬಲಿಲ್ಲ. "ನಿಮ್ಮ ಹಾಳ್ಯಾಗನ ಐತಲ್ರಿ. ನಿಮ್ಮನ್ನ ನಂಬಿ ಏಳ ನೀರಾಗ ತೊಳದೇನ್ರಿ."

"ನಿಂದೇನೂ ತಪ್ಪಿಲ್ಲ. ತಪ್ಪು ಬರದಾರ್ದು," ಎಂದರು ಅಕ್ಕೋರು. ನನ್ನ ಕಡೆ ನೋಡಲಿಲ್ಲ. ಆಕೆಯ ಸೆರಗು ಹಿಡಿದು ನಿಂತಿದ್ದ ಪುಟ್ಟ ಹುಡುಗಿಯನ್ನು ನೋಡುತ್ತಿದ್ದರು.

ಜೋಳ ಹೂಳುವ ಗುಂಡಿಯನ್ನು ನನ್ನ ಕೈಯಲ್ಲೇ ತೋಡಿಸಿದರು. ಅಂಗೈಯಲ್ಲಿ ಬೊಬ್ಬೆ ಬಂತು. ಬರಲಿ ಎನ್ನಿಸಿತು.

ಹಿಂದಿರುಗುವ ಬಸ್ಸಿನಲ್ಲಿ ನಾನು ಅಳುತ್ತ ಕೂತಿದ್ದೆ. ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ನಂದೂ ಇಂಥಾದ್ದ ಒಂದ ಹಾಳಿ ಐತಿ. ಕಲಘಟಗಿ ಕಡೆ. ಹೊಸದಾಗಿ ಸೇರಿದ್ದೆ ನಿನ್ನಂಗ. ಅವತ್ತ ಬಸ್ಸು ತಪ್ಪಿತು. ನಾ ಮುಟ್ಟೂದ್ರಾಗ ರೊಟ್ಟಿ ಉಂಡಿದ್ರು."

"ಮತ್ತ, ಅಕ್ಕೋರ?"

"ಮನ್ಯಾಗ ಮೂರು ಹುಡುಗ್ರಿದ್ವು."

ಸೊಂಟದ ಸಂಚಿಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು. ಕುಂದಗೋಳ ಬರುವವರೆಗೂ ಆ ಕೆನ್ನೆ ಉಬ್ಬಿಯೇ ಇತ್ತು.

ಹಾಳೆಯನ್ನು ಮತ್ತೆ ಐದು ಸಲ ಬರೆದೆ. ಕಸ ಗುಡಿಸುವಾಕೆ ನಾಲ್ಕು ಸಲ ಬೇರೆಯೇ ಏನೋ ಓದಿದಳು. ಐದನೆಯ ಸಲ, "ಕೆಂಪ ಬೀಜ ಹೊಲಕ್ಕಷ್ಟ ರೀ, ಹೊಟ್ಟಿಗಲ್ಲ," ಎಂದಾಗ ಅಕ್ಕೋರು ತಲೆಯಾಡಿಸಿದರು. ಮೇಲಿನವರಿಗೆ ಬರೆದ ವರದಿಯಲ್ಲಿ ತಪ್ಪಾದ ಮೊದಲ ಹಾಳೆ ತಮ್ಮದೇ ಎಂದು ಬರೆದುಕೊಂಡಿದ್ದರಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅವರು ತೀರಿಕೊಂಡ ದಿನ ಹೋಗಿದ್ದೆ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಎಡಗೆನ್ನೆ ಒಳಕ್ಕೆ ಇಳಿದಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಅಳು ಬಂತು. ಸೊಸೆ ಅವರ ಸಂಚಿಯನ್ನು ನನ್ನ ಕೈಗಿಟ್ಟಳು, "ನಿಮಗ ಕೊಡು ಅಂದಿದ್ರು ರೀ."

ಈಗಲೂ ಯಾರಾದರೂ ನಾನು ಬರೆದ ಹಾಳೆಯನ್ನು ಕೈಗೆತ್ತಿಕೊಂಡರೆ ಆ ಗಿರಣಿಯ ಪಟ್ಟೆ ಕಿವಿಯಲ್ಲಿ ತಿರುಗತೊಡಗುತ್ತದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಕಾಯುತ್ತೇನೆ. ಇಷ್ಟು ವರ್ಷವಾಯಿತು, ಅದು ನನಗೆ ಒಮ್ಮೆಯೂ ಸಿಹಿ ಹತ್ತಿಲ್ಲ.