ಮೊಳಕ್ಕೊಂದು ಕಾಳು

ಹಂಪಾಪುರದ ಕಡೆ ಮನೆಮನೆಗೆ ಹೋಗಿ ಕರೆಂಟು ಮೀಟರ್ ನೋಡೋದು ನನ್ನ ಕೆಲಸ. ಹೋದ ವರ್ಷ ಮಳೆ ಬಿದ್ದ ಮಾರನೇ ದಿನ ಗೌರಮ್ಮನ ಮನೆಗೆ ಬೀಗ. ಸಂಸಾರವೆಲ್ಲ ಪಕ್ಕದ ಹೊಲದಲ್ಲಿ ರಾಗಿ ಬಿತ್ತುತ್ತಿತ್ತು. ಬೀಗದ ಕೈ ಕೇಳಿದರೆ ಆಕೆ ಅವರೆಬೀಜದ ಪುಟ್ಟಿ ಕೊಟ್ಟರು.

“ಮೀಟ್ರು ಎಲ್ಲೋಯ್ತದೆ? ಹದ ಆರೋಯ್ತದೆ ಕಣ್ರೀ! ಈ ಸಾಲಲ್ಲಿ ಮೊಳಕ್ಕೊಂದು ಕಾಳು ಬುಡಿ.”

ಶೂ ಕಿತ್ತೆಸೆದು ಇಳಿದೆ. ಅಬ್ಬಾ, ಕಾಲಡಿಯ ಆ ತಂಪು ಮಣ್ಣು! ಎತ್ತಿನ ಹಿಂದೆ ಓಡುವ ಹುರುಪಿನಲ್ಲಿ ಮೊಳ ಮರೆತೇಹೋಗಿ, ಅರ್ಧ ಸಾಲಿಗೇ ಪುಟ್ಟಿ ಖಾಲಿ ಮಾಡಿದೆ. ಆಕೆ ಖಾಲಿ ಪುಟ್ಟಿ ಇಸಿದುಕೊಂಡು ಬೀಗದ ಕೈ ಕೊಟ್ಟರು. ರಾಗಿ ಕೊಯ್ಲಾದ ಮೇಲೆ ನೋಡಿದರೆ ಅರ್ಧ ಸಾಲು ಅವರೆಯ ಪೊದೆ, ಇನ್ನರ್ಧ ಬೋಳು.

ಈ ವರ್ಷ ಮಳೆ ಬಿದ್ದಿದ್ದೇ ತಡ, ಶೂ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಹೊಲದಿಂದಲೇ ಗೌರಮ್ಮ ಕೂಗಿದರು: “ನೋಡ್ಕಂಡು ಅಂಗೇ ಓಗಿ ಸ್ವಾಮಿ, ಇತ್ಲಾಗ್ ಮಾತ್ರ ಬರಬ್ಯಾಡಿ!”