ಚಿಗವ್ವ ಊದದ ಮೇಣದಬತ್ತಿಗಳು

ಹೋದ ವಾರ ನಮ್ಮ ವಿಭಾಗಕ್ಕೆ ಹೊಸ ಯಂತ್ರ ಬಂತು. ಬಾಯಿಂದ ಊದಿಸಿ ಶ್ವಾಸಕೋಶದ ಬಲ ಅಳೆಯುವ ಯಂತ್ರ. ಯಾವ ಹೊಸ ಯಂತ್ರ ಬಂದರೂ ರೋಗಿಗಳಿಗಿಂತ ಮೊದಲು ನಾವು ಊದಿ ನೋಡಬೇಕು, ಅದು ನಮ್ಮ ಪದ್ಧತಿ. ರಟ್ಟಿನ ಕೊಳವೆಗಳ ಪೊಟ್ಟಣ ಹರಿದೆ. ಒಣ ರಟ್ಟಿನ ವಾಸನೆ ಬಂತು. ಕೊಳವೆ ಬಾಯಿಗಿಡುವಷ್ಟರಲ್ಲಿ ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಸಾಲು ಮೇಣದಬತ್ತಿಗಳು ಹತ್ತಿಕೊಂಡವು. ಊದುವವರಿಗೆ ಹುರುಪು ಬರಲೆಂದು ಯಂತ್ರ ಮಾಡಿದವರು ಇಟ್ಟ ಆಟ ಅದು. ಜೋರಾಗಿ ಊದಿದರೆ ಎಲ್ಲವೂ ಆರುತ್ತವೆ, ಮೆಲ್ಲಗೆ ಊದಿದರೆ ಸುಮ್ಮನೆ ಬಳುಕುತ್ತವೆ.

"ಎಷ್ಟು ಚೆಂದ ಇದೆ ಅಲ್ವಾ ಮೇಡಂ!" ಅಂದಳು ಪಕ್ಕದಲ್ಲಿದ್ದ ಹೊಸ ಹುಡುಗಿ. ಅವಳು ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ.

ನಾನು ಕೊಳವೆಯನ್ನು ಬಾಯಿಂದ ತೆಗೆದೆ. ನನಗೆ ಊದಲಾಗಲಿಲ್ಲ...

ತೆಲುಗು ನಾಡಿನ ಜೀಡಿಮೆಟ್ಲಾದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿದ ಮನೆ ಚಿಗವ್ವನದು. ಚಿಗವ್ವ ಎಂದು ಕರೆಯುತ್ತಿದ್ದೆವಾದರೂ ನಮ್ಮವ್ವನಿಗೆ ಅವಳು ತಂಗಿಯೇನೂ ಅಲ್ಲ. ಎರಡೂ ಮನೆಯವರು ಸಿಂದಗಿ ಕಡೆಯವರು, ಅಷ್ಟೇ ಸಂಬಂಧ. ಪರವೂರಿನಲ್ಲಿ ಅಷ್ಟು ಸಾಕಲ್ಲ. ನಮ್ಮಪ್ಪ ಔಷಧಿ ಕಾರ್ಖಾನೆಯೊಂದರಲ್ಲಿ ಚೀಲ ಹೊರುತ್ತಿದ್ದ. ಅವಳ ಗಂಡ ಇನ್ನೊಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಅವನನ್ನು ಕಾಕಾ ಎನ್ನುತ್ತಿದ್ದೆವು. ಅವನ ಕಿವಿಯ ಮೇಲೆ ಯಾವಾಗಲೂ ಒಂದು ಬೀಡಿ ಇರುತ್ತಿತ್ತು.

ಚಿಗವ್ವ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ನಮ್ಮ ಓಣಿಯ ಕೂಲಿಯವರಿಗೆ ಬಿಸಿ ರೊಟ್ಟಿ, ಸರಕಾರಿ ಕಂಪನಿಗಳ ಕ್ವಾರ್ಟರ್ಸಿನಲ್ಲಿದ್ದ ಕನ್ನಡದವರಿಗೆ ಒಣಗಿಸಿದ ಕಟಕ್ ರೊಟ್ಟಿ. ಹಿತ್ತಲಿನಲ್ಲಿ ತಗಡು ಹಾಕಿ ಒಲೆ ಹೂಡಿದ್ದಳು. ಕಾರ್ಖಾನೆಗಳಿಂದ ಬರುವ ಮುರಿದ ಪೆಟ್ಟಿಗೆಗಳ ಹಲಗೆಯೇ ಸೌದೆ. ಆ ಹಲಗೆಗಳು ಏನೇನು ಕುಡಿದಿರುತ್ತಿದ್ದವೋ, ಉರಿ ಒಮ್ಮೊಮ್ಮೆ ಹಸಿರಾಗುತ್ತಿತ್ತು, ಹೊಗೆ ನಾಲಿಗೆಗೆ ಕಹಿ ಹತ್ತುತ್ತಿತ್ತು. ಮನೆಯೊಳಗೆ ಗ್ಯಾಸ್ ಇತ್ತು. ಅದು ಚಹಾಕ್ಕೆ ಮಾತ್ರ.

ಅವಳು ಊದುಗೊಳವೆ ಹಿಡಿದು ಒಲೆ ಊದುವುದನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದೆ. ಉಸಿರು ತೆಳ್ಳಗೆ, ಉದ್ದಕ್ಕೆ, ದಾರ ಬಿಟ್ಟ ಹಾಗೆ ಬರುತ್ತಿತ್ತು. ಕೆಂಡ ಕೆಂಪಾಗುತ್ತಿತ್ತು, ಬೂದಿ ಮಾತ್ರ ಒಂದು ಚೂರೂ ಹಾರುತ್ತಿರಲಿಲ್ಲ. ನಾನು ಪುಸ್ತಕ ಹಿಡಿದುಕೊಂಡು ಅಲ್ಲೇ ಕೂತರೆ ಬೈಯುತ್ತಿದ್ದಳು.

"ಏಳ್ ಮೊದ್ಲ! ಹೊಗ್ಯಾಗ ಕುಂತು ಓದಿದ್ರ ಕಣ್ಣ ಹೊಕ್ಕಾವು. ಒಳಗ ಹೋಗಿ ಕುಂದ್ರು. ಇದು ನನ್ನ ಪಾಲಿಂದು, ನಿಂದಲ್ಲ."

ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಕಾಲೇಜು ಸೇರಿದ ದಿನದಿಂದಲೇ ಚಿಗವ್ವ ನನ್ನ ಹೆಸರು ಬಿಟ್ಟು "ಬೀಯೆಸ್ಸಿ" ಎಂದು ಕರೆಯತೊಡಗಿದಳು. "ಏ ಬೀಯೆಸ್ಸಿ, ರೊಟ್ಟಿ ಒಯ್ಯಿ. ಹಸದ ಹೊಟ್ಟಿಗೆ ಸೈನ್ಸ್ ಹತ್ತೂದಿಲ್ಲ." ಮೂರು ವರ್ಷ ನನ್ನ ಡಬ್ಬಿಯಲ್ಲಿದ್ದದ್ದು ಅವಳ ರೊಟ್ಟಿಯೇ.

ಎರಡನೆಯ ವರ್ಷ ನನಗೆ ಜ್ವರ ಬಂದಾಗ ಅವಳು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ನಾನು ಎದ್ದು ಕೂತು, ಓಣಿಯ ಹೆಂಗಸರೆಲ್ಲರ ಎದುರು, "ಮೆಣಸಿನಕಾಯಿ ಘಾಟಿಗೆ ಬ್ಯಾಕ್ಟೀರಿಯಾ ಸೀನಿ ಓಡಿಹೋಗ್ತಾವೇನ್ ಚಿಗವ್ವಾ?" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ನನ್ನ ಮುಂದೆ ಅಂಥದ್ದೇನನ್ನೂ ಮಾಡಲಿಲ್ಲ, ಆಡಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ.

ಅವಳಿಗೆ ದಮ್ಮು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಮೊದಲು ಮುಂಜಾನೆಯ ಕೆಮ್ಮು. ಆಮೇಲೆ ನೀರಿನ ಕೊಡ ಇಳಿಸಿ ಗೋಡೆ ಹಿಡಿದು ನಿಲ್ಲುವುದು. ಆಮೇಲೆ ಒಂದು ರೊಟ್ಟಿ ಬಡಿದು ಒಂದು ಗಳಿಗೆ ಸುಮ್ಮನೆ ಕೂರುವುದು...

ಓದು ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಸಂಶೋಧನೆಯಲ್ಲಿ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಸೇದುವವರಿಗೆ ಬರುವ ಶ್ವಾಸಕೋಶದ ಕಾಯಿಲೆ, ಸಿಒಪಿಡಿ, ಯಾಕೆ ಬರುತ್ತದೆ? ಒಲೆಯ ಹೊಗೆ ಉಸಿರಿನ ನಾಳಗಳೊಳಗೆ ಎಂಥ ಉರಿಯೂತ ಎಬ್ಬಿಸುತ್ತದೆ? ಇದು ಅವರ ಪ್ರಶ್ನೆ. ಮನೆಮನೆಗೆ ಹೋಗಿ ಊದಿಸುವುದು, ಬರೆದುಕೊಳ್ಳುವುದು ನನ್ನ ಕೆಲಸ. ಕಾಯಿಲೆ ಇದೆಯೆಂದು ಯಂತ್ರದಲ್ಲಿ ಗೊತ್ತಾದವರನ್ನು ಸೇರಿಸಿಕೊಂಡು, ಒಂದು ವರ್ಷ ಪ್ರತಿ ತಿಂಗಳೂ ಡಾಕ್ಟರು ನೋಡುತ್ತಿದ್ದರು, ಎಳೆದುಕೊಳ್ಳುವ ಔಷಧಿಯನ್ನೂ ಕೊಡುತ್ತಿದ್ದರು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಚಿಗವ್ವನದೇ. ಅವಳ ಋಣ ತೀರಿಸುವ ಕಾಲ ಬಂತು ಎಂದು ಎದೆಯುಬ್ಬಿಸಿಕೊಂಡು ಹೋದೆ.

ಅವಳ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಆ ಯಂತ್ರದಲ್ಲೂ ಇದೇ ಮೇಣದಬತ್ತಿಗಳ ಆಟ. ನನ್ನ ಜೊತೆ ನಮ್ಮ ಸೀನಿಯರ್ ಇದ್ದರು, ತೆಲುಗಿನವರು. ಓಣಿಯ ಹೆಂಗಸರು ಸುತ್ತ ನಿಂತರು. ಕಾಕಾನಿಗೆ ತಡೆಯಲಾಗಲಿಲ್ಲ, ತಾನೇ ಮೊದಲು ಊದುತ್ತೇನೆಂದ. ಊದಿದ. ಬತ್ತಿಗಳೆಲ್ಲ ಒಂದೇ ಸಲಕ್ಕೆ ಫಕ್ಕನೆ ಆರಿಹೋದವು.

"ನೋಡ್ರಿ ಎಲ್ಲಾರೂ! ನಲವತ್ತ ವರ್ಸ ಬೀಡಿ ಎಳದ ಎದಿ ಇದು!" ಎಂದು ಮೀಸೆ ಮುಟ್ಟಿಕೊಂಡ.

"ಬೀಡಿ ನೀವ್ ಸೇದೂದು, ದಮ್ಮ ನನಗ ಹತ್ತೂದು. ಚೊಲೋ ಸಂಸಾರ," ಅಂದಳು ಚಿಗವ್ವ. ಹೆಂಗಸರು ನಕ್ಕರು. ರಟ್ಟಿನ ಕೊಳವೆಯನ್ನು ತಿರುಗಿಸಿ ನೋಡಿ, "ಇಷ್ಟ ಗಿಡ್ಡ? ನಂದು ಊದುಗೊಳವಿ ತರ್ಲೇನ್ ಬೀಯೆಸ್ಸಿ?" ಎಂದು ನನ್ನನ್ನೂ ನಗಿಸಿದಳು.

ನಾನು ಹೇಳಿಕೊಟ್ಟೆ. "ಉಸಿರು ತುಂಬ ತಗೋ ಚಿಗವ್ವಾ. ಅಲ್ಲಿ ದೀಪ ಅದಾವಲ್ಲ, ಎಲ್ಲಾ ಆರೂಹಂಗ ಒಮ್ಮೆ ಊದಿಬಿಡು."

ಅವಳ ಮುಖದ ನಗು ಅಲ್ಲಿಗೆ ನಿಂತಿತು. ತೆರೆ ನೋಡಿದಳು. ಎದುರಿಗೆ ಕೂತ ಕಾಕಾನನ್ನು ನೋಡಿದಳು. ಆಮೇಲೆ ಊದಿದಳು, ಕೆಂಡ ಊದಿದ ಹಾಗೆ. ತೆಳ್ಳಗೆ, ಉದ್ದಕ್ಕೆ. ಬತ್ತಿಗಳು ಬಳುಕಿದವು, ಒಂದೂ ಆರಲಿಲ್ಲ. ಯಂತ್ರ ಕೆಂಪು ಗುರುತು ತೋರಿಸಿತು.

"ಗಟ್ಟಿಗಾ ಅಮ್ಮಾ, ಗಟ್ಟಿಗಾ! ಊದು, ಊದು, ಊದು!" ಎಂದು ಸೀನಿಯರ್ ಕೂಗಿದರು. ಎರಡನೆಯ ಸಲ, ಮೂರನೆಯ ಸಲ, ಐದನೆಯ ಸಲ... ಎಂಟು ಸಲದೊಳಗೆ ಮೂರು ಸರಿಯಾದ ಊದು ಸಿಗಬೇಕು. ಇಲ್ಲವಾದರೆ ಬಿಟ್ಟುಬಿಡಬೇಕು. ಅದು ನಿಯಮ.

"ದಿನಾ ಒಲಿ ಊದಾಕ ಆಕೈತಿ, ಇದನ್ನ ಊದಾಕ ಏನ್ ಧಾಡಿ?" ಅಂದ ಕಾಕಾ.

"ನನ್ನ ಕೈಲೆ ಆಗೂದಿಲ್ಲ ಬಿಡವಾ," ಎಂದು ಚಿಗವ್ವ ಕೊಳವೆಯನ್ನು ನನ್ನ ಕೈಗಿಟ್ಟಳು.

ನನಗೆ ಸಿಟ್ಟು ಬಂದಿತ್ತು. ಸೀನಿಯರ್ ಎದುರು ನನ್ನ ಓಣಿಯವಳೇ ನನ್ನ ಮಾನ ಕಳೆದಳಲ್ಲ ಎಂದು. ಕೈಬಿಟ್ಟ ಕಾರಣದ ಕಾಲಂನಲ್ಲಿ ನಾನೇ, ನನ್ನ ಕೈಯಾರೆ, "ಸಹಕರಿಸುತ್ತಿಲ್ಲ" ಎಂದು ಬರೆದೆ.

ಅದಾಗಿ ಏಳು ತಿಂಗಳು. ಬೇರೆ ಓಣಿಗಳ ಹೆಂಗಸರು ಔಷಧಿ ಎಳೆದುಕೊಂಡು ಮೆಟ್ಟಿಲು ಹತ್ತತೊಡಗಿದರು. ಚಿಗವ್ವ ಇಳಿಯುತ್ತಾ ಹೋದಳು. ಇನ್ನೊಮ್ಮೆ ಊದು ಎಂದು ಕೇಳಿದಾಗಲೆಲ್ಲ, "ಹಿಟ್ಟ ಕಲಿಸೇನಿ, ಆಮ್ಯಾಲ ನೋಡೂಣು" ಎಂದು ಜಾರಿಕೊಳ್ಳುತ್ತಿದ್ದಳು. ನಾನೂ ಬಿಟ್ಟೆ.

ನಮ್ಮಣ್ಣನ ಮಗಳ ಹುಟ್ಟುಹಬ್ಬ ಬಂತು. ಕೇಕು ತಂದು ಐದು ಬತ್ತಿ ಹಚ್ಚಿದರು. ಕೂಸು ಗಲ್ಲ ಉಬ್ಬಿಸಿ ಊದುವಷ್ಟರಲ್ಲಿ ಚಿಗವ್ವ ಕೈ ಚಾಚಿ ಒಂದು ಬತ್ತಿ ಕಿತ್ತುಕೊಂಡಳು. ಅಂಗೈ ಅಡ್ಡ ಹಿಡಿದು, ಏದುಸಿರು ಬಿಡುತ್ತಾ, ಉರಿಯುತ್ತಿದ್ದ ಅದನ್ನು ಒಳಗೆ ಒಯ್ದು ನಮ್ಮ ದೇವರ ಜಗಲಿಯ ಮೇಲೆ ಇಟ್ಟಳು.

"ಹುಟ್ಟಿದ ದಿನ ದೀಪ ಊದತಾರೇನ್ ಯಾರರ? ಒಂದರ ಇರ್ಲಿ ಕೂಸಿಂದು."

ನನ್ನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ನಮ್ಮ ಮನೆಗಳಲ್ಲಿ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ಹೂವಿನ ಎಸಳಿನಿಂದ ಮೆಲ್ಲಗೆ ಒತ್ತುತ್ತೇವೆ, ಆರಿಸು ಎಂದೂ ಅನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಇದು ನನಗೆ ಗೊತ್ತಿಲ್ಲದ್ದೇ? ಗಂಡನನ್ನು ಎದುರಿಗೆ ಕೂಡ್ರಿಸಿಕೊಂಡು ಒಂದು ಸಾಲು ದೀಪ ಊದು ಎಂದಿದ್ದೆ ಅವಳಿಗೆ. ಎಂಟು ಸಲ.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. "ಅವತ್ತ ಯಾಕ ಹೇಳಲಿಲ್ಲ ಚಿಗವ್ವಾ?"

"ಏನಂತ ಹೇಳ್ಲಿ? ಅಂವಾ ಎದುರಿಗೇ ಕುಂತಿದ್ದ. ಅಂಥಾ ಮಾತ ಬಾಯಾಗ ತರಬೇಕೇನು?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಹೇಳಿದಳು, "ಮತ್ತ ಹೇಳಿದ್ರ ನೀ ನಗತಿದ್ದಿ."

ಮರುದಿನ ನಮ್ಮ ಡಾಕ್ಟರ್ ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ, ನಾನು ಬರೆದ ಕಾರಣವನ್ನೂ ಸೇರಿಸಿ. ಅವರು ಬೈಯಲಿಲ್ಲ. "ಮೊದಲು ಆ ಆಟ ತೆಗೆದುಹಾಕು. ಯಂತ್ರ ತಗೊಂಡು ಹೋಗು," ಅಂದರು.

ಈ ಸಲ ತೆರೆಯ ಮೇಲೆ ಏನೂ ಇರಲಿಲ್ಲ, ಬರೀ ಬಿಳಿ. "ಒಲ್ಯಾಗ ಬೂದಿ ಭಾಳ ತುಂಬೈತಿ ಅಂತ ತಿಳ್ಕೋ ಚಿಗವ್ವಾ. ಒಂದೇ ಉಸಿರಿಗೆ ಎಲ್ಲಾ ಹಾರಿಸು," ಅಂದೆ.

"ಆಜೂಬಾಜೂದವ್ರು ಬೈತಾರಲ್ಲಾ," ಎಂದು ನಕ್ಕಳು. ಊದಿದಳು. ಮೈಯೆಲ್ಲ ಮುದುಡಿ, ಕಣ್ಣಲ್ಲಿ ನೀರು ಬರುವ ಹಾಗೆ ಊದಿದಳು. ನಾಲ್ಕು ಸಲದಲ್ಲಿ ಮೂರು ಸರಿ ಬಂದವು.

ತೆರೆಯ ಮೇಲೆ ಮೂಡಿದ ಉಸಿರಿನ ರೇಖೆ ಸಡಿಲ ಹಗ್ಗದ ಹಾಗೆ ಜೋತುಬಿದ್ದಿತ್ತು. ಅದನ್ನು ಒಯ್ದು ಮೇಡಂಗೆ ತೋರಿಸಿದೆ. ಶ್ವಾಸಕೋಶದ ಬಲ ಇರಬೇಕಾದದ್ದರ ಅರ್ಧವೂ ಉಳಿದಿರಲಿಲ್ಲ. ಸಂಶೋಧನೆಗೆ ಹೊಸಬರನ್ನು ಸೇರಿಸಿಕೊಳ್ಳುವ ಗಡುವು ಹಿಂದಿನ ತಿಂಗಳೇ ಮುಗಿದಿತ್ತು. ಮೇಡಂ ಅವಳನ್ನು ಆಸ್ಪತ್ರೆಯ ಹೊರರೋಗಿಗಳ ಚೀಟಿಯ ಮೇಲೆ ನೋಡಿದರು, ಔಷಧಿ ಕೊಡಿಸಿದರು. ಕಾಕಾ ಹಿತ್ತಲಿನ ಒಲೆ ತಾನೇ ಒಡೆದುಹಾಕಿ ಅಲ್ಲಿ ಗ್ಯಾಸಿನ ದೊಡ್ಡ ಬರ್ನರ್ ಇಟ್ಟ. "ರುಚಿ ಹೋತು, ಗಿರಾಕಿ ಬರೂದಿಲ್ಲ" ಎಂದು ಚಿಗವ್ವ ಗೊಣಗಿದಳು. ಒಬ್ಬ ಗಿರಾಕಿಯೂ ರುಚಿಯ ಮಾತೆತ್ತಲಿಲ್ಲ. ಅದೇ ಅವಳಿಗೆ ದೊಡ್ಡ ಬೇಜಾರು.

ಎರಡನೆಯ ಚಳಿಗಾಲ ದಾಟಲಿಲ್ಲ ಅವಳು. ಕಾಕಾ ಇವತ್ತಿಗೂ ಗಟ್ಟಿಯಾಗಿದ್ದಾನೆ. ದಿನಾ ಸಂಜೆ ದೀಪ ಹಚ್ಚುತ್ತಾನೆ.

ಆ ಏಳು ತಿಂಗಳು ಸಿಕ್ಕಿದ್ದರೆ ಉಳಿಯುತ್ತಿದ್ದಳಾ ಎಂದು ಮೇಡಂ ಅವರನ್ನು ಒಮ್ಮೆ ಕೇಳಿದೆ. "ಗೊತ್ತಿಲ್ಲ. ಹೋದ ಶ್ವಾಸಕೋಶ ತಿರುಗಿ ಬರುವುದಿಲ್ಲ. ಉಳಿದದ್ದನ್ನು ಇನ್ನಷ್ಟು ದಿನ ಕಾಯಬಹುದಿತ್ತೋ ಏನೋ," ಅಂದರು. ಸುಳ್ಳು ಸಮಾಧಾನ ಹೇಳದಿದ್ದಕ್ಕೆ ಅವರ ಮೇಲೆ ನನಗೆ ಇಂದಿಗೂ ಗೌರವ.

ಆ ಸಂಶೋಧನೆಯ ಪ್ರಬಂಧ ಅಚ್ಚಾಗಿ ಬಂತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು. ಅಪ್ಪ ಅದನ್ನು ಫ್ರೇಮು ಹಾಕಿಸಿದ. ಒಳಗೆ ಒಂದು ಚೌಕವಿದೆ, ಯಾರ್‍ಯಾರನ್ನು ಯಾಕೆ ಕೈಬಿಟ್ಟೆವು ಎಂಬ ಲೆಕ್ಕದ್ದು. "ಸರಿಯಾಗಿ ಊದಲಾರದವರು" ಎಂಬ ಸಾಲಿನ ಮುಂದೆ ಒಂದು ಸಂಖ್ಯೆ. ಅದರಲ್ಲಿ ಒಂದು ಚಿಗವ್ವ. ಉಳಿದವರು ಯಾಕೆ ಊದಲಿಲ್ಲವೋ, ಅವರನ್ನು ಯಾರೂ ಕೇಳಲಿಲ್ಲ...

"ಮೇಡಂ, ಊದಲ್ವಾ?" ಎಂದು ಹೊಸ ಹುಡುಗಿ ಕೇಳಿದಳು.

ಮೊದಲು ಆ ಆಟವನ್ನು ತೆಗೆದುಹಾಕಿದೆ. ತೆರೆ ಬಿಳಿಯಾಯಿತು. ಉಸಿರು ತುಂಬಿಕೊಂಡು, ಬೂದಿ ಹಾರಿಸುವ ಹಾಗೆ ಒಮ್ಮೆ ಊದಿದೆ. ರೇಖೆ ಜೋತುಬೀಳದೆ ನೆಟ್ಟಗೆ ಇಳಿಯಿತು.

"ನಿಮ್ಮ ಲಂಗ್ಸ್ ಸೂಪರ್ ಮೇಡಂ!" ಅಂದಳು ಹುಡುಗಿ.

ಹೌದು. ಹೊಗೆಯಲ್ಲಿ ಕೂತು ಓದಬೇಡ ಎಂದು ನನ್ನನ್ನು ಒಳಗೆ ಅಟ್ಟಿದವಳೊಬ್ಬಳಿದ್ದಳು.