ಮರ್ಯಾದೆಯ ಸೆಗಣಿ

ಸೆಗಣಿಯ ಮಾತೆತ್ತಿದೆನೆಂದು ಮೂಗು ಮುಚ್ಚಿಕೊಳ್ಳಬೇಡಿ. ಬೆಳಿಗ್ಗೆ ಎದ್ದವರು ನಾವು ಮೊದಲು ಕೈ ಹಾಕುವುದೇ ಅದಕ್ಕೆ. ಅಂಗಳಕ್ಕೆ ಬಳಿದು, ಮಸಿ ಸೇರಿಸಿ ಚಾವಡಿ ಸಾರಿಸಿ, ಒಣಗಿದ ನೆಲದ ಮೇಲೆ ಎಲೆ ಹಾಕಿಕೊಂಡು ಉಣ್ಣುವವರು. ಇಷ್ಟು ಬಳಕೆಯ ವಸ್ತುವಿನ ಒಳಗೆ ಏನಿದೆಯೆಂದು ಮಾತ್ರ ಯಾರೂ ಇಣುಕಿ ನೋಡುವುದಿಲ್ಲ. ನಾನು ನೋಡಿದ್ದೂ ಒಮ್ಮೆಯೇ, ಎಪ್ಪತ್ತರ ದಶಕದ ಕೊನೆಗೆ, ಸುಳ್ಯದ ದನದ ಡಾಕ್ಟರರ ಮೇಜಿನ ಮೇಲೆ.

ಮಂಡೆಕೋಲಿನ ನಮ್ಮ ಹಟ್ಟಿಯಲ್ಲಿ ಆಗ ಎರಡು ದನಗಳು: ಮುದಿ ಕಾವೇರಿ, ಚೊಚ್ಚಲ ಗಬ್ಬದ ಗೌರಿ. ಗೌರಿ ಅತ್ತೆಯ ಜೀವ. ಮದುವೆಯಾಗಿ ಬರುವಾಗ ಮರ್ಕಂಜದ ತವರಿನಿಂದ ಅವರು ಹಿಡಿದುಕೊಂಡು ಬಂದ ಕರುವಿನ ಸಂತತಿಯಲ್ಲಿ ಉಳಿದದ್ದು ಅದೊಂದೇ. ಆ ವರ್ಷ ಅದು ಕಾರಣವಿಲ್ಲದೆ ಬಡಕಲಾಗುತ್ತ ಬಂತು. ಸೆಗಣಿ ನೀರಾಯಿತು, ಗಲ್ಲದ ಅಡಿಯಲ್ಲಿ ನೀರು ತುಂಬಿದ ಚೀಲದಂತೆ ಬಾವು ಇಳಿಯಿತು. ಅತ್ತೆ ದೃಷ್ಟಿ ತೆಗೆದರು, ಹರಕೆ ಹೊತ್ತರು, ವೀಳ್ಯದೆಲೆಯಲ್ಲಿ ಕರಿಮೆಣಸು ಸುತ್ತಿ ತಿನ್ನಿಸಿದರು. ಯಾವುದೂ ಹಿಡಿಯಲಿಲ್ಲ. ಹಟ್ಟಿಯಲ್ಲೇ ಸತ್ತರೆ ನೋಡಲಾಗದು ಎಂದು ಮನೆಯವರು ಜಾಲ್ಸೂರಿನ ದಲ್ಲಾಳಿಗೆ ಭಾನುವಾರ ಬರಲು ಹೇಳಿದರು. ಗಡಿ ದಾಟಿಸಿ ಕೊಂಡುಹೋದ ದನದ ಸುದ್ದಿಯನ್ನು ಆಮೇಲೆ ಯಾರೂ ಕೇಳುವುದಿಲ್ಲ. ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟು ಹಟ್ಟಿಯಲ್ಲಿ ಹೋಗಿ ಕೂತರು.

ಸೆಗಣಿ ತಂದು ತೋರಿಸಿ ಎಂದು ಡಾಕ್ಟರು ಹೇಳಿ ಕಳುಹಿಸಿದ್ದರಿಂದ ಶುಕ್ರವಾರ ನಾನೇ ಹೊರಟೆ. ಬಸ್ಸಿನ ಗಡಿಬಿಡಿಯಲ್ಲಿ ಬಾಟಲಿ ತುಂಬಿಸಿ, ಬಾಳೆಲೆ ಸುತ್ತಿ, ಚೀಲದಲ್ಲಿಟ್ಟು ಕೊಟ್ಟದ್ದು ಅತ್ತೆ. ತವರಿಗೆ ಉಪ್ಪಿನಕಾಯಿಯಾ ಎಂದು ಕಂಡಕ್ಟರು ಕೇಳಿದ. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಡಾಕ್ಟರು ಅದನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ನಾವು ಮಣ್ಣಿ ಮಾಡಲು ರಾಗಿಹಾಲು ಇಳಿಯಬಿಡುವ ಹಾಗೆ ತಳದಲ್ಲಿ ನಿಲ್ಲಲು ಬಿಟ್ಟರು. ಅಡಿಯ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಹುಡುಕಿದರು. ಹುಳದ ಒಂದು ಮೊಟ್ಟೆಯೂ ಇಲ್ಲ, ಹೊಟ್ಟೆ ಚೊಕ್ಕ ಉಂಟು, ಬಾವು ಬೇರೆ ಯಾವುದೋ ಕಾರಣದ್ದಿರಬೇಕು ಎಂದರು. ಬೇರೆ ಕಾರಣ ಹುಡುಕುವಷ್ಟು ದಿನ ಗೌರಿಗಿರಲಿಲ್ಲ. ಏಳಲು ಮನಸ್ಸಾಗದೆ ಸೋಸಿದ ಬಟ್ಟೆಯನ್ನೇ ನೋಡುತ್ತ ಕೂತೆ. ಅದರ ಮೇಲೆ ನಾಲ್ಕಾರು ಸೌತೆಬೀಜಗಳು ಅಂಟಿಕೊಂಡಿದ್ದವು. ನಮ್ಮಲ್ಲಿ ಸೌತೆಯ ತಿರುಳು ಬೀಳುವುದು ಕಾವೇರಿಯ ಬಾಯಿಗೆ ಮಾತ್ರ. ಗೌರಿ ಅದನ್ನು ಮೂಸಿಯೂ ನೋಡುವುದಿಲ್ಲ.

ಸಂಜೆ ಮನೆಗೆ ಬಂದು ಕೇಳಿದೆ. ಅತ್ತೆ ಕಂಬ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದರು: "ಗೌರಿಯದ್ದು ಆ ರೀತಿ ನೀರು ನೀರು, ನಾತ ಬೇರೆ. ಅದನ್ನು ಕಲಿತವರ ಕೈಗೆ ಹೇಗೆ ಕೊಡುದು ಮಾರಾಯ್ತಿ? ಮನೆಯ ಮರ್ಯಾದೆ ಉಂಟಲ್ಲ. ಒಳ್ಳೆದನ್ನು ನೋಡಿ ತುಂಬಿಸಿದೆ."

ನಗು ಬಂತು, ಆದರೆ ನಗಲಾಗಲಿಲ್ಲ. ಪುತ್ತೂರಿನ ಕಾನ್ವೆಂಟಿನಲ್ಲಿ ಸಿಸ್ಟರು ತಲೆ ನೋಡುವ ದಿನ, ಹೆಚ್ಚು ಹೇನಿದ್ದವಳೇ ಎಲ್ಲರಿಗಿಂತ ಬಿಗಿಯಾಗಿ ಜಡೆ ಹೆಣೆದು ಹೊಸ ರಿಬ್ಬನ್ನು ಕಟ್ಟಿ ಬರುತ್ತಿದ್ದಳು. ನೆಂಟರ ಮುಂದೆ ಹರಕು ಚಾಪೆಯನ್ನು ಒಳಗೆ ಸರಿಸುವ ನಮ್ಮ ಕೈಗೆ, ರೋಗವನ್ನು ಅಂಗಳಕ್ಕೆ ತಂದು ಇಡುವ ಅಭ್ಯಾಸ ಎಲ್ಲಿಂದ ಬರಬೇಕು? ಮರ್ಯಾದೆಯೆಂಬುದು ನಮ್ಮನ್ನು ಕಾಯುತ್ತದೆ, ಸರಿ. ಆದರೆ ಅದು ಹೊದೆಸಿದ ಬಟ್ಟೆಯ ಅಡಿಯಲ್ಲಿ ಏನೇನು ಹಾಯಾಗಿ ಬೆಳೆಯುತ್ತದೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಮರುದಿನ ಗೌರಿಯದ್ದನ್ನೇ ಕೊಂಡುಹೋದೆ. ಡಾಕ್ಟರು ಕಣ್ಣಿಟ್ಟವರು ತಕ್ಷಣ ಸರಿದು ನನ್ನನ್ನು ಕರೆದರು. ಹೊನ್ನಿನ ಬಣ್ಣದ, ಪುಟ್ಟ ಮುಚ್ಚಳವಿರುವ, ಭರಣಿಯಂಥ ಮೊಟ್ಟೆಗಳು! ದನದ ಪಿತ್ತಕೋಶದಲ್ಲಿ ಬೀಡುಬಿಟ್ಟ ಚಪ್ಪಟೆ ಹುಳದವು. ಕೊಲ್ಲಲು ಹೊರಟದ್ದಕ್ಕೂ ಇಷ್ಟು ಚಂದದ ತೊಟ್ಟಿಲೇ ಎಂದು ಬೆರಗಾದೆ. ಗದ್ದೆಯ ಒದ್ದೆ ಹುಲ್ಲಿನಲ್ಲಿ, ಬಸವನಹುಳಗಳಿರುವಲ್ಲಿ ಇದು ದನದ ಹೊಟ್ಟೆ ಸೇರುತ್ತದಂತೆ. ಗಬ್ಬದ ದನವೆಂದು ತೋಡಿನ ಬದಿಯ ಎಳೆಹುಲ್ಲನ್ನು ಆರಿಸಿ ಆರಿಸಿ ಗೌರಿಗೆಂದೇ ಕೊಯ್ದು ತರುತ್ತಿದ್ದವರು ಅತ್ತೆ. ಅದನ್ನು ಅವರಿಗೆ ನಾನು ಹೇಳಲಿಲ್ಲ. ಇನ್ನು ಮೇಲೆ ಗುಡ್ಡೆಯ ಹುಲ್ಲು ಸಾಕಂತೆ ಎಂದಷ್ಟೇ ಹೇಳಿದೆ.

ಬಿದಿರಿನ ಗೊಟ್ಟದಲ್ಲಿ ಮದ್ದು ಇಳಿಯಿತು. ಭಾನುವಾರ ಬಂದ ದಲ್ಲಾಳಿ ಕಾಫಿ ಕುಡಿದು ಬರಿಗೈಯಲ್ಲಿ ಹೋದ. ಬಾವು ಇಳಿದು, ರೋಮಕ್ಕೆ ಹೊಳಪು ಬಂದು, ಗೌರಿ ಹೆಣ್ಣು ಕರು ಹಾಕಿತು.

ಗಿಣ್ಣು ಹಂಚಿದ ದಿನ, ಪಾತ್ರೆ ತೊಳೆಯುತ್ತಿದ್ದ ನನ್ನ ಬಳಿ ಅತ್ತೆ ಬಂದು ನಿಂತರು. ಏನೋ ಹುಡುಕುವವರಂತೆ ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಮನುಷ್ಯರದ್ದೂ ಆ ರೀತಿ ನೋಡ್ತಾರಾ? ನನಗೆ ಕೆಲವು ಸಮಯದಿಂದ ತಲೆ ತಿರುಗುದುಂಟು. ಮೆಟ್ಟಿಲು ಹತ್ತಿದರೆ ಉಸಿರೇ ಸಾಲುದಿಲ್ಲ."

ಅವರ ಉಗುರುಗಳು ಸುಣ್ಣದಷ್ಟು ಬಿಳಿಚಿದ್ದನ್ನು ನಾನು ನೋಡಿದ್ದು ಆಗಲೇ. ಮರುದಿನ ಮೊದಲ ಬಸ್ಸಿನಲ್ಲಿ ಕಿಟಕಿಯ ಬದಿಯಲ್ಲಿ ಕೂರಿಸಿಕೊಂಡು ಸುಳ್ಯದ ಮನುಷ್ಯರ ಆಸ್ಪತ್ರೆಗೆ ಕರೆದೊಯ್ದೆ. ಈ ಡಾಕ್ಟರು ಒಂದೊಂದಾಗಿ ಕೇಳುತ್ತ ಹೋದರು. ಅತ್ತೆ ನನ್ನ ಮುಖ ನೋಡದೆ, ಸೆರಗು ಸರಿಪಡಿಸಿಕೊಳ್ಳದೆ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು.